ಸತ್ತವನ ತಲೆಗೆ ತಪ್ಪು ಕಟ್ಟುವ ನ್ಯಾಯ



1979ರ ಆಗಸ್ಟ್ 4. ಮಳೆಗಾಲದ ರಾತ್ರಿ. ಇಂಡಿಯನ್ ಏರ್‌ಲೈನ್ಸಿನ ಒಂದು ಸಣ್ಣ ವಿಮಾನ ನಮ್ಮ ಪುಣೆಯಿಂದ ಮುಂಬಯಿಗೆ ಹೊರಟಿತು. ಜನ ‘ಆವ್ರೊ’ ಎಂದು ಕರೆಯುತ್ತಿದ್ದ, ರೆಕ್ಕೆಗೊಂದರಂತೆ ಎರಡು ಪಂಖಗಳಿದ್ದ ವಿಮಾನ. ರೈಲಿನಲ್ಲಿ ಮೂರು ಮೂರೂವರೆ ತಾಸು ಹಿಡಿಯುವ ದಾರಿ ಅದಕ್ಕೆ ಅರ್ಧ ತಾಸಿನ ಮಾತು. ಘಟ್ಟ ದಾಟಿದರೆ ಮುಂಬಯಿ. ಒಳಗಿದ್ದವರು 41 ಪ್ರಯಾಣಿಕರು, 4 ಮಂದಿ ಸಿಬ್ಬಂದಿ. ಘಟ್ಟವೇನೋ ಬಂತು, ಮುಂಬಯಿ ಬರಲಿಲ್ಲ. ಮಳೆ ಮೋಡಗಳ ನಡುವೆ ಇಳಿಯತೊಡಗಿದ ವಿಮಾನ ಪನವೇಲದ ಕಡೆಯ ಕಿರೋಲಿ ಗುಡ್ಡಗಳಿಗೆ ಬಡಿಯಿತು. 45 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ಮೇಲೆ ವಿಚಾರಣೆ ನಡೆಯಿತು. ತೀರ್ಮಾನವೂ ಬಂತು. ತಾನು ಎಲ್ಲಿದ್ದೇನೆಂಬುದನ್ನು ಖಚಿತಪಡಿಸಿಕೊಳ್ಳದೆ, ಕಣ್ಣಿಗೆ ಏನೂ ಕಾಣದ ಹವೆಯಲ್ಲಿ ಚಾಲಕನು ವಿಮಾನವನ್ನು ಕೆಳಗಿಳಿಸಿದ. ಸಾರಾಂಶ: ಚಾಲಕನ ತಪ್ಪು.

ತೀರ್ಮಾನ ಸುಳ್ಳೆಂದು ನಾವು ಹೇಳುತ್ತಿಲ್ಲ. ಇಳಿಯಬಾರದ ಎತ್ತರಕ್ಕೆ ಇಳಿದದ್ದು ತಪ್ಪೇ ಸರಿ. ಆದರೆ ‘ಚಾಲಕನ ತಪ್ಪು’ ಎಂಬ ಈ ಎರಡು ಮಾತುಗಳ ಪರಿಚಯ ನಮಗೆ ಚೆನ್ನಾಗಿ ಉಂಟು. ವಿಮಾನ ಹತ್ತದವರಿಗೂ ಉಂಟು. ಹೋಟೆಲಿನ ಅಡುಗೆಮನೆಯಲ್ಲಿ, ಮಿಲ್ಲಿನ ಸಾಂಚಾದ ಮುಂದೆ ಇದರ ಹೆಸರು ‘ಕೆಲಸಗಾರನ ಅಜಾಗರೂಕತೆ’ ಎಂದು. ಬರೆಯುವವರು ಬೇರೆ, ಕಾಗದ ಬೇರೆ, ಮಾತು ಮಾತ್ರ ಒಂದೇ.

ಈ ಊರಿನದೇ ಒಂದು ಹೋಟೆಲಿನ ಮಾತು ಹೇಳುತ್ತೇವೆ. ಹೆಸರು ಬೇಡ. ಅಂಥ ಹೋಟೆಲು ಒಂದೇ ಅಲ್ಲವಲ್ಲ! ಕುಂದಾಪುರದ ಕಡೆಯ ಒಬ್ಬ ಹುಡುಗ ಅಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕಿದ್ದ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಭಟ್ಟಿ ಹೊತ್ತಿಸಿದವನು ರಾತ್ರಿ ಹನ್ನೊಂದಕ್ಕೆ ಮರುದಿನದ ದೋಸೆ ಹಿಟ್ಟಿಗೆ ಕೂತಿದ್ದ. ಗ್ರೈಂಡರಿನ ಮುಚ್ಚಳ ಮುರಿದು ಮೂರು ತಿಂಗಳಾಗಿತ್ತು. ಅಂಚಿಗೆ ಅಂಟಿದ ಹಿಟ್ಟನ್ನು ಒಳಗೆ ತಳ್ಳಲು ಕೈ ಹಾಕಿದ. ಎರಡು ಬೆರಳು ಹೋದವು. ನಾವು ನಾಲ್ಕು ಮಂದಿ ಕೇಳಲು ಹೋದಾಗ ಗಲ್ಲಾದ ಮೇಲೆ ಕೂತವರು ಹೇಳಿದ್ದು: “ಕಲ್ಲು ತಿರುಗುವಾಗ ಕೈ ಹಾಕು ಅಂತ ನಾನು ಹೇಳಿದ್ನಾ?”

ಹೇಳಿರಲಿಲ್ಲ, ನಿಜ. ಕೈ ಹಾಕಿದವನು ಅವನೇ. ಆದರೆ ಹತ್ತೊಂಬತ್ತು ತಾಸು ನಿಂತ ಕೈ ಅದು. ಮುಚ್ಚಳವಿಲ್ಲದ ಯಂತ್ರ ಅದು. ‘ಬೇಗ ಮುಗಿಸು’ ಎಂದು ಬೆನ್ನ ಹಿಂದೆ ಕೂಗುವ ಬಾಯಿ ಬೇರೆ. ಇವುಗಳಲ್ಲಿ ಪುಸ್ತಕಕ್ಕೆ ಏರಿದ್ದು ಕೈ ಮಾತ್ರ. ತಾಸಿನ ಲೆಕ್ಕ ಬರೆಯಲಿಲ್ಲ, ಮುಚ್ಚಳದ ಲೆಕ್ಕ ಬರೆಯಲಿಲ್ಲ, ಬಾಯಿಯ ಲೆಕ್ಕವಂತೂ ಯಾರೂ ಬರೆಯುವುದೇ ಇಲ್ಲ.

ಆದ್ದರಿಂದಲೇ ವಿಮಾನದ ಅಪಘಾತ ದೊಡ್ಡವರ ವಿಷಯ, ನಮಗೇಕೆ ಎಂದು ಯಾರೂ ಈ ಪುಟ ಮಗುಚಬಾರದು. ಆಕಾಶದಲ್ಲಿ ನಡೆದ ತಪ್ಪನ್ನು ಲೋಕವೆಲ್ಲ ಕೂಡಿ ತನಿಖೆ ಮಾಡುತ್ತದೆ, ದಾಖಲೆ ಇಡುತ್ತದೆ. ಅಡುಗೆಮನೆಯ ತಪ್ಪನ್ನು ಯಾರೂ ತನಿಖೆ ಮಾಡುವುದಿಲ್ಲ. ಅಲ್ಲಿನ ದಾಖಲೆ ಓದಿದರೆ ಇಲ್ಲಿನ ಸುಳ್ಳು ಬಯಲಾಗುತ್ತದೆ.

ಮೊದಲು ನಮ್ಮ ಈ ಗುಡ್ಡಗಳನ್ನೇ ನೋಡೋಣ.

1949ರ ಜುಲೈ 12. ಹಾಲೆಂಡಿನ ಕೆ.ಎಲ್.ಎಂ. ಕಂಪೆನಿಯ ವಿಮಾನ ಮುಂಬಯಿಗೆ ಇಳಿಯಲು ಬಂದು, ಮಳೆಯ ಮಸುಕಿನಲ್ಲಿ ಘಾಟ್‌ಕೋಪರದ ಗುಡ್ಡಕ್ಕೆ ಬಡಿಯಿತು. ಇಂಡೋನೇಷ್ಯಾದಿಂದ ಮರಳುತ್ತಿದ್ದ ಹದಿಮೂರು ಮಂದಿ ಅಮೆರಿಕದ ಪತ್ರಕರ್ತರು ಅದರಲ್ಲಿದ್ದರು. ಸತ್ತವರು 45.

1962ರ ಜುಲೈ 7. ಇಟಲಿಯ ಅಲಿಟಾಲಿಯಾ ಕಂಪೆನಿಯ ದೊಡ್ಡ ಜೆಟ್ ವಿಮಾನ. ಸಿಡ್ನಿಯಿಂದ ಹೊರಟು ರೋಮಿಗೆ ಹೋಗುವಂಥಾದ್ದು, ನಡುವೆ ಮುಂಬಯಿಗೆ ಇಳಿಯಬೇಕಿತ್ತು. ಮುಂಬಯಿ ಹತ್ತಿರ ಬಂತೆಂದು ಭಾವಿಸಿದ ಚಾಲಕ ರಾತ್ರಿಯ ಕತ್ತಲಲ್ಲಿ ಮುಂಚಿತವಾಗಿಯೇ ಇಳಿಸತೊಡಗಿದ. ವಿಮಾನ ನಮ್ಮ ಪುಣೆ ಜಿಲ್ಲೆಯ ಜುನ್ನರಿನ ಬಳಿ ಬೆಟ್ಟಕ್ಕೆ ಬಡಿಯಿತು. ಸತ್ತವರು 94.

1979ರ ಆಗಸ್ಟ್ 4ರ ಕಥೆ ಮೇಲೆ ಹೇಳಿದ್ದೇವೆ.

ಮೂವತ್ತು ವರ್ಷಗಳಲ್ಲಿ ಮೂರು ವಿಮಾನ. ಒಂದು ಡಚ್ಚರದು, ಒಂದು ಇಟಲಿಯವರದು, ಒಂದು ನಮ್ಮದು. ಚಾಲಕರು ಮೂರು ದೇಶದವರು, ಕಲಿತ ಶಾಲೆ ಬೇರೆ, ಹಾರಿಸಿದ ಯಂತ್ರ ಬೇರೆ. ಆದರೆ ತಿಂಗಳು ಜುಲೈ, ಜುಲೈ, ಆಗಸ್ಟ್. ಮೂರು ಸಲವೂ ಇಳಿಯಬೇಕಾಗಿದ್ದ ಊರು ಮುಂಬಯಿ. ಮೂರು ಸಲವೂ ಅಡ್ಡ ನಿಂತದ್ದು ಆ ಊರಿನ ಸುತ್ತಿನ ಬೆಟ್ಟಗುಡ್ಡ. ಮೂರು ಸಲವೂ ಆದದ್ದು ಒಂದೇ: ಇಳಿಯಬಾರದ ಕಡೆ ಇಳಿದದ್ದು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಮ್ಮ ಮಾಲಕರು ನಮ್ಮ ಮುಖಕ್ಕೇ ಎಷ್ಟೋ ಸಲ ಎಸೆದಿದ್ದಾರೆ. ಸರಿ, ಒಬ್ಬಳು ಎಡವಿದರೆ ಅವಳ ಕಾಲನ್ನೇ ನೋಡಿ. ಆದರೆ ಮೂರು ಊರಿನ ಮೂವರು ಕುಣಿಯುವವರು ಅದೇ ಅಂಗಳದ ಅದೇ ಜಾಗದಲ್ಲಿ ಎಡವಿದರೆ, ಆಗಲಾದರೂ ಒಮ್ಮೆ ಬಗ್ಗಿ ನೆಲ ನೋಡಬೇಡವೇ?

ನಮ್ಮ ಕಾತ್ರಜದ ಕೆಳಗಿನ ನವಲೆ ಸೇತುವೆಯ ಇಳಿಜಾರನ್ನು ನೆನೆಯಿರಿ. ಊರಿಗೆ ಹೋಗಿಬರುವಾಗ ನಾವೆಲ್ಲ ದಾಟುವ ಜಾಗ. 2022ರ ನವೆಂಬರಿನಲ್ಲಿ ಒಂದು ಟ್ರಕ್ಕು ಅಲ್ಲಿ ಸಾಲಾಗಿ ಹತ್ತಾರು ವಾಹನಗಳಿಗೆ ಬಡಿದುಕೊಂಡು ಹೋಯಿತು. ಅದಕ್ಕೆ ಮೊದಲೂ ಅಲ್ಲಿ ಅಪಘಾತಗಳಾಗಿದ್ದವು, ಆಮೇಲೂ ಆದವು. ಪ್ರತಿಸಲವೂ ಒಬ್ಬ ಡ್ರೈವರನ ಹೆಸರು ಪೊಲೀಸರ ಕಾಗದಕ್ಕೆ ಏರಿತು. ಇಳಿಜಾರಿನ ಮೇಲೆ ಮಾತ್ರ ಈವರೆಗೆ ಯಾವ ಮೊಕದ್ದಮೆಯೂ ಹೂಡಲ್ಪಟ್ಟಿಲ್ಲ!

ಹಾಗಾದರೆ ಗುಡ್ಡವನ್ನು ಕಡಿದುಹಾಕಬೇಕಿತ್ತೇ ಎಂದು ನಗುವವರು ನಗಲಿ. ಗುಡ್ಡ ಕಡಿಯುವುದು ಬೇಕಿರಲಿಲ್ಲ. ಗುಡ್ಡ ಹತ್ತಿರ ಬಂದಾಗ ‘ಮೇಲಕ್ಕೇಳು’ ಎಂದು ಕೂಗುವ ಒಂದು ಪೆಟ್ಟಿಗೆ ಬೇಕಿತ್ತು. ಅದು ಕಲ್ಪನೆಯ ಮಾತಲ್ಲ. ಡಾನ್ ಬೇಟ್‌ಮನ್ ಎಂಬ ಎಂಜಿನಿಯರರ ಮುಂದಾಳುತನದಲ್ಲಿ ಅಂಥ ಯಂತ್ರ ತಯಾರಾಗಿತ್ತು. ನೆಲ ಎಷ್ಟು ವೇಗದಲ್ಲಿ ಹತ್ತಿರವಾಗುತ್ತಿದೆ ಎಂದು ರೇಡಿಯೋ ಅಲೆಗಳಿಂದ ಅಳೆದು, ಅಪಾಯವೆಂದರೆ ಚಾಲಕನ ಕಿವಿಯಲ್ಲಿ ಕೂಗುವ ಯಂತ್ರ. ಮುಂದೆ 1990ರ ದಶಕದಲ್ಲಿ ಲೋಕದ ಬೆಟ್ಟಗುಡ್ಡಗಳ ನಕ್ಷೆಯನ್ನೇ ಅದರೊಳಗೆ ತುಂಬಿದರು. ಅದು ಬಂದಮೇಲೆ ಕಣ್ಣು ಕಾಣದೆ ಗುಡ್ಡಕ್ಕೆ ಬಡಿಯುವ ಅಪಘಾತಗಳು ದೊಡ್ಡ ವಿಮಾನಗಳಲ್ಲಿ ಬಹಳ ವಿರಳವಾದವು. ಚಾಲಕರು ಏಕಾಏಕಿ ಜಾಣರಾಗಿಬಿಟ್ಟರೇ? ಇಲ್ಲ. ಮನುಷ್ಯ ಅಂದಿನಂತೆ ಇಂದಿಗೂ ತಪ್ಪು ಮಾಡುವವನೇ. ಬದಲಾದದ್ದು ಮನುಷ್ಯನಲ್ಲ, ಮುಚ್ಚಳ. ಗ್ರೈಂಡರಿಗೆ ಮುಚ್ಚಳ ಬಂತು, ಬೆರಳು ಉಳಿಯಿತು.

ಆ ಪೆಟ್ಟಿಗೆ ಅಮೆರಿಕದಲ್ಲಿ ಕಡ್ಡಾಯವಾದ ಬಗೆಯನ್ನು ಕೇಳಿ. 1974ರ ಡಿಸೆಂಬರ್ 1ರಂದು ಟಿ.ಡಬ್ಲ್ಯೂ.ಎ. ಕಂಪೆನಿಯ ಒಂದು ವಿಮಾನ ವಾಷಿಂಗ್ಟನ್ನಿನ ಬಳಿ ಇಳಿಯಲು ಬಂದು ವರ್ಜೀನಿಯಾದ ಬೆಟ್ಟಕ್ಕೆ ಬಡಿಯಿತು. 92 ಮಂದಿ ಸತ್ತರು. ಕೆಳಗಿನ ನಿಯಂತ್ರಕ ‘ಇಳಿಯಲು ಅನುಮತಿ’ ಎಂದಿದ್ದ. ಅನುಮತಿ ಕೊಟ್ಟಮೇಲೆ ಕೆಳಗೆ ಬೆಟ್ಟವಿಲ್ಲವೆಂದು ಚಾಲಕ ತಿಳಿದ. ಬೆಟ್ಟ ನೋಡಿಕೊಳ್ಳುವುದು ಚಾಲಕನ ಕೆಲಸವೆಂದು ನಿಯಂತ್ರಕ ತಿಳಿದ. ಒಂದೇ ಮಾತಿಗೆ ಎರಡು ಅರ್ಥ. ತನಿಖೆಯ ಮಂಡಳಿಯ ಐವರಲ್ಲೇ ಒಮ್ಮತವಿರಲಿಲ್ಲ. ಮೂವರು ಚಾಲಕರ ಕಡೆ ಬೆರಳು ತೋರಿದರು, ಇಬ್ಬರು ಒಪ್ಪಲಿಲ್ಲ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದುಂಟು. ಸುಮಾರು ಆರು ವಾರ ಮೊದಲು ಇನ್ನೊಂದು ಕಂಪೆನಿಯ, ಯುನೈಟೆಡಿನ ವಿಮಾನ ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಚಾಲಕರು ಅದನ್ನು ತಮ್ಮ ಕಂಪೆನಿಗೆ ತಿಳಿಸಿದ್ದರು. ಕಂಪೆನಿ ತನ್ನ ಚಾಲಕರಿಗೆಲ್ಲ ಎಚ್ಚರಿಕೆ ಕೊಟ್ಟಿತ್ತು. ಆದರೆ ಆ ಎಚ್ಚರಿಕೆ ಒಂದು ಕಂಪೆನಿಯ ಬೇಲಿ ಹಾರಿ ಪಕ್ಕದ ಕಂಪೆನಿಗೆ ಹೋಗಲಿಲ್ಲ. ಹೋಗಿದ್ದರೆ 92 ಜೀವ ಉಳಿಯುತ್ತಿದ್ದುವೋ ಏನೋ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆನ್ನಿ. ಆದರೂ ಹಾಕಿದರು. ದೊಡ್ಡ ವಿಮಾನಗಳಿಗೆ ಆ ಕೂಗುವ ಪೆಟ್ಟಿಗೆ ಕಡ್ಡಾಯವಾಯಿತು. ಜೊತೆಗೆ 1976ರಲ್ಲಿ ಇನ್ನೊಂದು ಏರ್ಪಾಡು ಬಂತು. ತಪ್ಪು ಮಾಡಿದ ಅಥವಾ ತಪ್ಪು ಕಂಡ ಚಾಲಕ, ನಿಯಂತ್ರಕ, ಮೆಕ್ಯಾನಿಕ್ ಯಾರೇ ಆಗಲಿ, ಬರೆದು ಕಳುಹಿಸಬಹುದು. ಕಳುಹಿಸುವುದು ಶಿಕ್ಷೆ ಕೊಡುವ ಇಲಾಖೆಗಲ್ಲ, ಶಿಕ್ಷಿಸುವ ಅಧಿಕಾರವೇ ಇಲ್ಲದ ನಾಸಾ ಸಂಸ್ಥೆಗೆ. ಅವರು ಬರೆದವನ ಹೆಸರು ಅಳಿಸಿಹಾಕಿ ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ಬೇಕೆಂದು ಮಾಡಿದ ತಪ್ಪಿಗೆ, ಅಪರಾಧಕ್ಕೆ ಈ ರಕ್ಷಣೆ ಇಲ್ಲ. ಕೈತಪ್ಪಿ ಆದದ್ದಕ್ಕೆ ಉಂಟು. ತಪ್ಪನ್ನು ಒಪ್ಪಿಕೊಂಡವನನ್ನು ಹೊಡೆದರೆ ಮುಂದಿನವನು ಬಾಯಿ ಬಿಡುವುದಿಲ್ಲ, ಬಾಯಿ ಬಿಡದಿದ್ದರೆ ಜನ ಸಾಯುತ್ತಾರೆ. ಇಷ್ಟು ಸರಳ ಮಾತು ಅವರಿಗೆ ತಿಳಿಯಲು 92 ಹೆಣ ಬೇಕಾದವು.

ನಮ್ಮಲ್ಲಿ? ‘ಗ್ಯಾಸಿನ ಕೊಳವೆ ಸೋರುತ್ತಿದೆ’ ಎಂದು ಹೇಳಿದ ಹುಡುಗನಿಗೆ ‘ನಿನಗೇ ಯಾಕೆ ಕಾಣುತ್ತದೆ?’ ಎಂಬ ಉತ್ತರ. ಮಿಲ್ಲುಗಳಲ್ಲಿ ದುಡಿದ ನಮ್ಮ ಹಿರಿಯರನ್ನು ಕೇಳಿ. ಲಾಳಿ ಹಾರಿ ಕಣ್ಣಿಗೆ ಬಡಿಯುವ ಸಾಂಚಾ ಯಾವುದೆಂದು ಖಾತೆಯಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು. ಹೇಳಿದರೆ ನಾಳೆ ಬದಲಿ ಕಾಮಗಾರರ ಸಾಲಿನಲ್ಲಿ ನಿಲ್ಲಬೇಕಾದೀತೆಂದು ಯಾರೂ ಹೇಳುತ್ತಿರಲಿಲ್ಲ.

ಇನ್ನೊಂದು ವಿಷಯ ಗಮನಿಸಿರಿ. ಆ ಪೆಟ್ಟಿಗೆ ಅಮೆರಿಕದ ದೊಡ್ಡ ವಿಮಾನಗಳಿಗೆ 1970ರ ದಶಕದಲ್ಲೇ ಬಂತು. ಸಣ್ಣ ಊರುಗಳ ನಡುವೆ ಓಡಾಡುವ ಪಂಖದ ಸಣ್ಣ ವಿಮಾನಗಳಿಗೆ ಅದನ್ನು ಕಡ್ಡಾಯ ಮಾಡಲು 1990ರ ದಶಕ ಬರಬೇಕಾಯಿತು. ಸಣ್ಣ ವಿಮಾನದಲ್ಲಿ ಕೂತವನ ಜೀವ ಸಣ್ಣದೇ? ಖರ್ಚಿನ ಲೆಕ್ಕ ಹಾಕುವವರಿಗೆ ಹಾಗೆಯೇ ಕಂಡಿರಬೇಕು.

ಸಣ್ಣ ವಿಮಾನದ ಚಾಲಕರ ಬದುಕೂ ಸಣ್ಣದೇ. 2009ರ ಫೆಬ್ರುವರಿ 12ರ ರಾತ್ರಿ ಅಮೆರಿಕದ ಬಫೆಲೋ ನಗರದ ಬಳಿ ಕೋಲ್ಗನ್ ಏರ್ ಎಂಬ ಕಂಪೆನಿಯ ಪಂಖದ ವಿಮಾನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಮನೆಯೊಳಗಿದ್ದ ಒಬ್ಬರು, ಒಟ್ಟು 50 ಜೀವ. ವೇಗ ಕಡಿಮೆಯಾಗಿ ಎಚ್ಚರಿಕೆ ಬಂದಾಗ ವಿಮಾನದ ಮೂತಿಯನ್ನು ಕೆಳಗೆ ಒತ್ತಬೇಕಿತ್ತು. ಚಾಲಕ ಮೇಲಕ್ಕೆ ಎಳೆದ. ಚಾಲಕನ ತಪ್ಪು. ಇದರಲ್ಲಿ ವಾದವಿಲ್ಲ.

ಆದರೆ ಅಲ್ಲಿನ ತನಿಖೆಯವರು ಅಷ್ಟಕ್ಕೇ ಪುಸ್ತಕ ಮುಚ್ಚಲಿಲ್ಲ. ಆ ಇಬ್ಬರು ಹಿಂದಿನ ರಾತ್ರಿ ಎಲ್ಲಿ ಮಲಗಿದ್ದರೆಂದು ಕೇಳಿದರು. ಚಾಲಕ ವಿಮಾನ ನಿಲ್ದಾಣದ ಸಿಬ್ಬಂದಿಯ ಕೋಣೆಯಲ್ಲಿ ಕಳೆದಿದ್ದ. ಸಹಚಾಲಕಿ ಅಮೆರಿಕದ ಪಶ್ಚಿಮ ತುದಿಯ ಸಿಯಾಟಲಿನಿಂದ ಪೂರ್ವ ತುದಿಯ ನ್ಯೂಆರ್ಕಿಗೆ ರಾತ್ರಿಯೆಲ್ಲ ಪಯಣ ಮಾಡಿ ಕೆಲಸಕ್ಕೆ ಬಂದಿದ್ದಳು. ಕೆಲಸದ ಊರಿನಲ್ಲಿ ಮನೆ ಮಾಡಲು ಸಂಬಳ ಸಾಕಾಗುತ್ತಿರಲಿಲ್ಲವೆಂಬ ಮಾತು ವಿಚಾರಣೆಯಲ್ಲಿ ಬಂತು. ಆಕೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾಫಿ ಅಂಗಡಿಯಲ್ಲೂ ದುಡಿದಿದ್ದಳೆಂಬುದೂ ಹೊರಬಂತು. ಕೇಳಿದಿರಾ ಹೋಟೆಲ್ ಕಾರ್ಮಿಕ ಬಂಧುಗಳೇ? ವಿಮಾನ ಹಾರಿಸುವ ಹುಡುಗಿ ಹೊಟ್ಟೆಪಾಡಿಗಾಗಿ ನಮ್ಮ ಕಸುಬನ್ನೂ ಮಾಡಿದ್ದಳು. ನಮ್ಮ ಹುಡುಗರು ಹೋಟೆಲ್ ಮುಚ್ಚಿದಮೇಲೆ ಮೇಜು ಸರಿಸಿ ಅಲ್ಲೇ ಮಲಗುತ್ತಾರೆ. ಅವರು ನಿಲ್ದಾಣದ ಸೋಫಾದ ಮೇಲೆ ಮಲಗುತ್ತಿದ್ದರು. ಬಿಳಿ ಅಂಗಿ, ಭುಜದ ಮೇಲಿನ ಚಿನ್ನದ ಪಟ್ಟಿ ನೋಡಿ ನಾವು ಮೋಸಹೋಗಬಾರದು. ಪಟ್ಟಿಯ ಕೆಳಗಿರುವುದು ಕೂಲಿಯವನ ಭುಜವೇ.

ಸತ್ತವರ ಮನೆಯವರು ಸುಮ್ಮನೆ ಕೂರಲಿಲ್ಲ. ಫೋಟೋಗಳನ್ನು ಹಿಡಿದುಕೊಂಡು ಮತ್ತೆ ಮತ್ತೆ ವಾಷಿಂಗ್ಟನ್ನಿಗೆ ಹೋದರು. 2010ರಲ್ಲಿ ಕಾನೂನು ಬಂತು. ಅದುವರೆಗೆ 250 ತಾಸು ಹಾರಿಸಿದವರೂ ಸಹಚಾಲಕರಾಗಬಹುದಿತ್ತು. 2013ರಿಂದ ಸಾಮಾನ್ಯವಾಗಿ 1500 ತಾಸು ಬೇಕೆಂದಾಯಿತು. 2014ರಿಂದ ಎರಡು ಪಾಳಿಗಳ ನಡುವೆ ಹತ್ತು ತಾಸಿನ ವಿಶ್ರಾಂತಿ, ಅದರಲ್ಲಿ ಎಂಟು ತಾಸು ನಿದ್ದೆಗೆ ಅವಕಾಶ ಇರಲೇಬೇಕೆಂದಾಯಿತು. ಚಾಲಕನ ತಪ್ಪೆಂದು ಅಳುತ್ತಾ ಮನೆಯಲ್ಲೇ ಕೂತಿದ್ದರೆ ಇದಾವುದೂ ಬರುತ್ತಿರಲಿಲ್ಲ.

ಈಗ ನಮ್ಮ ಮಂಗಳೂರಿಗೆ ಬರೋಣ. ಆ ಬೆಳಗನ್ನು ನಾವು ಯಾರೂ ಮರೆಯಲಾರೆವು. 2010ರ ಮೇ 22. ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ತಲೆಯ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು ಉರಿಯಿತು. 166 ಮಂದಿಯಲ್ಲಿ 158 ಮಂದಿ ಹೋದರು, ಎಂಟು ಮಂದಿ ಉಳಿದರು. ಅದು ಸಣ್ಣ ವಿಮಾನವಲ್ಲ, ನಿಜ. ಆದರೆ ಅದರಲ್ಲಿದ್ದವರು ನಮ್ಮವರು: ಕಾಸರಗೋಡು, ಮಂಗಳೂರು, ಉಡುಪಿ ಕಡೆಯವರು, ಕೊಲ್ಲಿಯಲ್ಲಿ ದುಡಿದು ಮನೆಗೆ ಬರುತ್ತಿದ್ದವರು, ಅವರ ಹೆಂಡಿರು ಮಕ್ಕಳು. ನಾವು ಪುಣೆಯ ಬಸ್ಸು ಹತ್ತಿದೆವು, ಅವರು ದುಬಾಯಿಯ ವಿಮಾನ ಹತ್ತಿದರು. ವ್ಯತ್ಯಾಸ ಅಷ್ಟೇ.

ತೀರ್ಮಾನ? ಚಾಲಕನ ತಪ್ಪು. ವಿಮಾನ ಸರಿಯಾದ ಎತ್ತರದಲ್ಲಿ, ಸರಿಯಾದ ವೇಗದಲ್ಲಿ ಬರುತ್ತಿರಲಿಲ್ಲ. ಇಳಿಸುವುದನ್ನು ಬಿಟ್ಟು ಮೇಲೇರಬೇಕಿತ್ತು. ಅವನು ಬಿಡಲಿಲ್ಲ. ಪತ್ರಿಕೆಗಳು ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಹಾಕಿ ಮುಗಿಸಿದವು. ಆದರೆ ಅದೇ ತನಿಖಾ ವರದಿಯಲ್ಲಿ ಇನ್ನೂ ಮೂರು ಮಾತುಗಳಿವೆ. ಅವನ್ನು ನಾವು ಸಣ್ಣ ಅಕ್ಷರದಲ್ಲಿಯಾದರೂ ಓದಬೇಕು.

ಒಂದು: ಚಾಲಕ ನಿದ್ದೆಯಲ್ಲಿದ್ದ. ವಿಮಾನದ ಧ್ವನಿಮುದ್ರಣದಲ್ಲಿ ಒಂದು ತಾಸು ನಲವತ್ತು ನಿಮಿಷದಷ್ಟು ಕಾಲ ಅವನ ಮಾತಿಲ್ಲ, ಗಾಢ ಉಸಿರು, ಗೊರಕೆ. ಎದ್ದಮೇಲೂ ಮಂಪರು ಇಳಿಯದೆ ತೀರ್ಮಾನ ಕೆಟ್ಟಿತೆಂದು ವರದಿಯೇ ಹೇಳುತ್ತದೆ. ರಾತ್ರಿಯೆಲ್ಲ ಎದ್ದಿರಬೇಕಾದ ಪಾಳಿ, ಬೆಳಗಿನ ಜಾವದ ಹೊತ್ತು. ನಾಲ್ಕು ಗಂಟೆಗೆ ಭಟ್ಟಿ ಹೊತ್ತಿಸುವವನಿಗೆ ಆ ಹೊತ್ತಿನ ಮಂಪರನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಎರಡು: ಮಂಗಳೂರಿನ ರಾಡಾರ್ ಆಗ ಕೆಟ್ಟಿತ್ತು. ಅದರಿಂದಾಗಿ ವಿಮಾನಕ್ಕೆ ಮಾಮೂಲಿಗಿಂತ ತಡವಾಗಿ, ನಿಲ್ದಾಣಕ್ಕೆ ಹತ್ತಿರ ಬಂದಮೇಲೆ ಇಳಿಯಲು ಅನುಮತಿ ಸಿಕ್ಕಿತು. ಕಡಿಮೆ ದೂರದಲ್ಲಿ ಹೆಚ್ಚು ಇಳಿಯಬೇಕಾಯಿತು. ರಾಡಾರನ್ನು ಸುಸ್ಥಿತಿಯಲ್ಲಿ ಇಡುವುದು ಯಾವ ಚಾಲಕನ ಕೆಲಸ?

ಮೂರು: ಈ ಮೂರನೆಯದು ಎದೆ ಕಲಕುವಂಥದು. ಪಕ್ಕದಲ್ಲಿದ್ದ ಸಹಚಾಲಕ ಮೂರು ಸಲ ಹೇಳಿದ್ದ, ಇಳಿಸುವುದು ಬೇಡ, ಮೇಲೇರು ಎಂದು. ಎಚ್ಚರಿಕೆಯ ಪೆಟ್ಟಿಗೆಯೂ ಕೂಗುತ್ತಿತ್ತು. ಆದರೆ ಸಹಚಾಲಕ ತಾನೇ ಹಿಡಿತ ತೆಗೆದುಕೊಳ್ಳಲಿಲ್ಲ. ಯಾಕೆ? ತೆಗೆದುಕೊಳ್ಳುವ ಅಧಿಕಾರ ಅವನಿಗಿತ್ತೇ ಇಲ್ಲವೇ ಎಂಬುದು ನಿಯಮಗಳಲ್ಲೇ ಸ್ಪಷ್ಟವಿರಲಿಲ್ಲ. ಕಣ್ಣೆದುರು ಸಾವು ಕಂಡವನು ಕೂಡ ಮೇಲಿನವನ ಕೈಯಿಂದ ಹಿಡಿತ ಕಸಿಯಲು ಹಿಂಜರಿದ. ‘ಮೇಲಿನವರಿಗೆ ಎದುರಾಡಬಾರದು’ ಎಂಬ ಪಾಠವನ್ನು ನಮಗೂ ಚಿಕ್ಕಂದಿನಿಂದ ಕಲಿಸಿಲ್ಲವೇ? ಅಂದು ಆ ಪಾಠದ ಬೆಲೆ 158 ಜೀವ.

ಇಷ್ಟೆಲ್ಲ ಆದಮೇಲೆ ನಮ್ಮ ದೇಶ ಪಾಠ ಕಲಿಯಿತೇ? ಹೇಳುತ್ತೇವೆ ಕೇಳಿ. 2024ರ ಜನವರಿಯಲ್ಲಿ ಸರಕಾರದ ವಿಮಾನಯಾನ ಮಹಾನಿರ್ದೇಶನಾಲಯ ಹೊಸ ನಿಯಮ ತಂದಿತು. ಚಾಲಕರ ವಾರದ ವಿಶ್ರಾಂತಿ 36 ತಾಸಿನಿಂದ 48 ತಾಸಿಗೆ ಏರಬೇಕು. ರಾತ್ರಿಯ ಇಳಿತಗಳ ಮಿತಿ ಆರರಿಂದ ಎರಡಕ್ಕೆ ಇಳಿಯಬೇಕು. ಕಂಪೆನಿಗಳು ‘ಈಗಲೇ ಆಗದು’ ಎಂದವು. ಗಡುವು ಮುಂದೆ ಹೋಯಿತು. ಚಾಲಕರ ಸಂಘಗಳು ದಿಲ್ಲಿಯ ಹೈಕೋರ್ಟಿನಲ್ಲಿ ಹೊಡೆದಾಡಿದಮೇಲೆ 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಕಂತುಗಳಾಗಿ ಜಾರಿಗೆ ಬಂತು. ಸುಮಾರು ಎರಡು ವರ್ಷ ಸಮಯ ಸಿಕ್ಕಿತ್ತು. ಆದರೂ ದೇಶದ ಅತಿದೊಡ್ಡ ಕಂಪೆನಿಯಾದ ಇಂಡಿಗೋದ ಬಳಿ ಹೊಸ ನಿಯಮಕ್ಕೆ ಸಾಕಾಗುವಷ್ಟು ಚಾಲಕರ ಏರ್ಪಾಡು ಇರಲಿಲ್ಲ. 2025ರ ಡಿಸೆಂಬರಿನ ಮೊದಲ ವಾರದಲ್ಲಿ ಅದರ ಸಾವಿರಾರು ವಿಮಾನಗಳು ರದ್ದಾದವು. ಪುಣೆಯ ಲೋಹಗಾಂವ್ ನಿಲ್ದಾಣದಲ್ಲೂ ಜನ ಪರದಾಡಿದರು. ಸರಕಾರ ಏನು ಮಾಡಿತು? ಆ ಕಂಪೆನಿಗೆ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟಿತು!

ಅಂದರೆ ಲೆಕ್ಕ ಹೀಗಾಯಿತು. ಜನರ ಸಿಟ್ಟು ಏರಿತು, ಕೂಡಲೇ ನಿದ್ದೆಯ ನಿಯಮ ಸಡಿಲವಾಯಿತು. ನಾಳೆ ನಿದ್ದೆಗೆಟ್ಟ ಒಬ್ಬ ಚಾಲಕ ಒಂದು ಗುಂಡಿಯ ಬದಲು ಇನ್ನೊಂದನ್ನು ಒತ್ತಿದರೆ, ವರದಿಯಲ್ಲಿ ಬರುವುದು ಮತ್ತೆ ಆ ಎರಡೇ ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

‘ಹಾಗಾದರೆ ಕೆಲಸಗಾರನಿಗೆ ಹೊಣೆಯೇ ಇಲ್ಲವೋ? ಕುಡಿದು ಬಂದವನನ್ನೂ ಕ್ಷಮಿಸಬೇಕೋ?’ ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯ. ಉತ್ತರವನ್ನೂ ನೇರವಾಗಿಯೇ ಹೇಳುತ್ತೇವೆ. ಇಲ್ಲ, ಕ್ಷಮಿಸಬೇಕಾಗಿಲ್ಲ. ಕುಡಿದು ಯಂತ್ರ ಮುಟ್ಟುವವನು ನಮ್ಮ ಜೊತೆಗಾರನ ಕೊಲೆಗೆ ಸಿದ್ಧನಾದವನು. ಅವನ ಪರವಾಗಿ ಸಂಘ ಒಂದು ಮಾತನ್ನೂ ಆಡಬಾರದು. ನಮ್ಮ ಕೈಯಲ್ಲಿ ಇನ್ನೊಬ್ಬರ ಪ್ರಾಣವಿರುವಾಗ ನಮ್ಮ ಹೊಣೆ ದೊಡ್ಡದು. ಆದರೆ ಬೇಕೆಂದು ಮಾಡಿದ ಅಪರಾಧ ಬೇರೆ, ದಣಿದ ಕೈ ಜಾರಿದ್ದು ಬೇರೆ. ಈ ಭೇದವನ್ನು ನಾವು ಇಂದು ಹೊಸದಾಗಿ ಹುಟ್ಟಿಸಿಲ್ಲ. ಬ್ರಿಟಿಷರ ಕಾಲದ 1923ರ ಕಾರ್ಮಿಕ ಪರಿಹಾರ ಕಾಯ್ದೆಯೇ ಮಾಡಿತ್ತು. ಕುಡಿದಿದ್ದರೆ, ಸುರಕ್ಷತೆಯ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದುಹಾಕಿದ್ದರೆ ಮಾಲಕನಿಗೆ ನೆಪ ಇತ್ತು. ಬರೀ ‘ಅಜಾಗರೂಕತೆ’ ಎಂಬ ನೆಪಕ್ಕೆ ಅಲ್ಲಿ ಜಾಗವಿರಲಿಲ್ಲ. ಮುಂದಿನ ತಿದ್ದುಪಡಿಗಳ ನಂತರ, ಮರಣವಾಗಿದ್ದರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲತೆ ಬಂದಿದ್ದರೆ ಆ ಮೊದಲಿನ ನೆಪಗಳೂ ನಡೆಯದಂತಾಯಿತು. ನೂರು ವರ್ಷಗಳ ಹಿಂದೆಯೇ ಕಾನೂನು ಒಪ್ಪಿದ ಮಾತನ್ನು ಗಲ್ಲಾದ ಮೇಲೆ ಕೂತವರು ಇಂದಿಗೂ ಒಪ್ಪುವುದಿಲ್ಲವೆಂದರೆ, ಅದು ಅವರ ಅಜ್ಞಾನವಲ್ಲ, ನಮಗೆ ಕಾನೂನು ಗೊತ್ತಿಲ್ಲವೆಂಬ ಧೈರ್ಯ.

ಇನ್ನೊಂದು ಮಾತು. ವಿಮಾನದ ಚಾಲಕ ತಪ್ಪು ಮಾಡಿದರೆ ಮೊದಲು ಸಾಯುವವನು ಅವನೇ. ಅವನ ಪಾಳಿಯ ಪಟ್ಟಿ ಬರೆದವರು, ರಾಡಾರ್ ದುರಸ್ತಿಯ ಕಡತದ ಮೇಲೆ ಕೂತವರು, ಪೆಟ್ಟಿಗೆಯ ಖರ್ಚು ಉಳಿಸಿದವರು ಅಂದು ರಾತ್ರಿ ತಮ್ಮ ಮನೆಯಲ್ಲಿ ಊಟಮಾಡಿ ಮಲಗಿರುತ್ತಾರೆ. ಸತ್ತವನು ಎದುರುತ್ತರ ಕೊಡಲಾರ. ಆದ್ದರಿಂದ ತಪ್ಪಿನ ಗಂಟನ್ನು ಅವನ ತಲೆಗೆ ಕಟ್ಟುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಗ್ಗ. ಬದುಕಿರುವವರ ಮೇಲೆ ಕಟ್ಟಿದರೆ ಅವರು ವಕೀಲರನ್ನು ಇಡುತ್ತಾರೆ.

ನಾವು ಕೇಳುವುದು ಹೆಚ್ಚೇನೂ ಇಲ್ಲ. ವಿಮಾನಕ್ಕೂ ಹೋಟೆಲಿಗೂ ಕಾರ್ಖಾನೆಗೂ ಒಂದೇ ಕೇಳಿಕೆ.

ಎಲ್ಲಿ ಅಪಘಾತವಾದರೂ ‘ಯಾರ ಕೈ’ ಎಂದು ಬರೆದ ಪುಟದಲ್ಲೇ ‘ಎಷ್ಟನೆಯ ತಾಸು’ ಎಂದೂ ಬರೆಯಬೇಕು. ಯಂತ್ರಕ್ಕೆ ಮುಚ್ಚಳ ಇತ್ತೇ, ಇಲ್ಲದಿದ್ದರೆ ಎಂದಿನಿಂದ ಇರಲಿಲ್ಲ, ಯಾರಿಗೆ ತಿಳಿಸಲಾಗಿತ್ತು ಎಂದು ಬರೆಯಬೇಕು.

ಅಪಾಯ ಕಂಡು ಹೇಳಿದವನಿಗೆ ಕೆಲಸ ಹೋಗಬಾರದು. ಹೆಸರು ಹೇಳದೆ ತಿಳಿಸುವ ಏರ್ಪಾಡು ನಮ್ಮ ಸಂಘದಲ್ಲೇ ಆಗಲಿ. ಸರಕಾರ ಮಾಡುವವರೆಗೆ ನಾವೇಕೆ ಕಾಯಬೇಕು?

ಕಿರಿಯವನು ‘ಬೇಡ, ನಿಲ್ಲಿಸು’ ಎಂದಾಗ ಹಿರಿಯವನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಕಿರಿಯವನೇ ಗುಂಡಿ ಒತ್ತಿ ನಿಲ್ಲಿಸುವ ಹಕ್ಕು ಬರೆದ ನಿಯಮದಲ್ಲಿ ಇರಬೇಕು. ಈ ಮಾತು ಮಾಲಕರಿಗೆ ಮಾತ್ರವಲ್ಲ. ಹೊಸ ಹುಡುಗನ ಮಾತಿಗೆ ‘ನೀನು ನಿನ್ನೆ ಬಂದವನು’ ಎನ್ನುವ ನಮ್ಮ ಹಿರಿಯ ಭಟ್ಟರಿಗೂ ಮುಕಾದಮರಿಗೂ ಇದೇ ಮಾತು.

ನಿದ್ದೆ ಕೆಲಸಗಾರನ ಸೋಮಾರಿತನವಲ್ಲ, ಯಂತ್ರದ ಎಣ್ಣೆಯಷ್ಟೇ ಅಗತ್ಯದ್ದು. ವಿಶ್ರಾಂತಿಯ ನಿಯಮಕ್ಕೆ ವಿನಾಯಿತಿ ಕೊಡುವ ಅಧಿಕಾರಿ, ಆ ವಿನಾಯಿತಿಯ ಕಾಲದಲ್ಲಾದ ಅಪಘಾತಕ್ಕೆ ತಾನೂ ಉತ್ತರ ಹೇಳಬೇಕು.

ಪನವೇಲದ ಕಡೆಯ ಗುಡ್ಡಗಳು ಇಂದೂ ಅಲ್ಲೇ ಇವೆ. ಮುಂಬಯಿಗೆ ಹೋಗುವ ರೈಲಿನ ಕಿಟಕಿಯಿಂದ ಮಳೆಗಾಲದಲ್ಲಿ ನೋಡಿರಿ, ತಲೆಯ ಮೇಲೆ ಮೋಡ ಹೊದ್ದು ನಿಂತಿರುತ್ತವೆ. ಗುಡ್ಡದ ತಪ್ಪಲ್ಲ, ಮಳೆಯ ತಪ್ಪಲ್ಲ. ಚಾಲಕನ ತಪ್ಪೆನ್ನುತ್ತೀರಾ? ಇರಲಿ, ಬರೆದುಕೊಳ್ಳಿ. ಆದರೆ ಅದು ಮೊದಲನೆಯ ಸಾಲು. ಪುಟ ಇನ್ನೂ ಖಾಲಿ ಇದೆ. ಉಳಿದ ಸಾಲುಗಳನ್ನು ಬರೆಯದೆ ನೀವು ಪುಸ್ತಕ ಮುಚ್ಚುವಾಗ ಸುಮ್ಮನೆ ನೋಡುತ್ತಾ ನಿಲ್ಲುವವರು ನಾವಲ್ಲ.